ದೂಳನ್ನು ಹಿಡಿದಿಟ್ಟ ಎಂಜಿನಿಯರ್: ಹ್ಯೂಬರ್ಟ್ ಸೆಸಿಲ್ ಬೂತ್



ತರಗತಿಯ ಕಸ ಗುಡಿಸುವಾಗ ಕಿಟಕಿಯಿಂದ ಬೀಳುವ ಬಿಸಿಲಕೋಲನ್ನು ಗಮನಿಸಿದ್ದೀರಾ? ಅದರಲ್ಲಿ ಲೆಕ್ಕವಿಲ್ಲದಷ್ಟು ಕಣಗಳು ತೇಲಾಡುತ್ತಿರುತ್ತವೆ. ಪೊರಕೆ ದೊಡ್ಡ ಕಸವನ್ನು ಮೂಲೆಗೆ ಸೇರಿಸುತ್ತದೆ, ನಿಜ. ಆದರೆ ಸಣ್ಣ ದೂಳು ಗಾಳಿಗೆ ಏರಿ, ಸ್ವಲ್ಪ ಹೊತ್ತಿಗೆ ಮತ್ತೆ ಬೆಂಚು, ಪುಸ್ತಕಗಳ ಮೇಲೆ ಬಂದು ಕೂರುತ್ತದೆ. ಒಂದಿಷ್ಟು ನಮ್ಮ ಮೂಗು, ಗಂಟಲು, ಶ್ವಾಸಕೋಶಗಳನ್ನೂ ಸೇರುತ್ತದೆ. ಹಾಗಾದರೆ ದೂಳು ಹೋಯಿತೆ? ಅಥವಾ ಜಾಗ ಮಾತ್ರ ಬದಲಿಸಿತೆ? ಸುಮಾರು 120 ವರ್ಷಗಳ ಹಿಂದೆ ಈ ಸಮಸ್ಯೆಯ ಬೆನ್ನು ಹತ್ತಿದ ಎಂಜಿನಿಯರ್ ಒಬ್ಬರ ಕಥೆ ಇಲ್ಲಿದೆ.

ತಿರುಗುತೊಟ್ಟಿಲುಗಳ ವಿನ್ಯಾಸಕಾರ

ಹ್ಯೂಬರ್ಟ್ ಸೆಸಿಲ್ ಬೂತ್ 1871ರ ಜುಲೈ 4ರಂದು ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ಜನಿಸಿದರು. 1889ರಲ್ಲಿ ಲಂಡನ್ನಿನ ತಾಂತ್ರಿಕ ಕಾಲೇಜು ಸೇರಿ ಎಂಜಿನಿಯರಿಂಗ್ ಕಲಿತರು. ಮುಂದೆ ಯಂತ್ರ ತಯಾರಿಸುವ ಕಂಪನಿಯೊಂದರಲ್ಲಿ ಯುದ್ಧನೌಕೆಗಳ ಎಂಜಿನ್‌ಗಳ ವಿನ್ಯಾಸದಲ್ಲಿ ತೊಡಗಿದರು. ಜಾತ್ರೆಯಲ್ಲಿ ನೀವು ಕೂರುವ ತಿರುಗುತೊಟ್ಟಿಲು ಗೊತ್ತಲ್ಲವೆ? ಅದೇ ಬಗೆಯ, ಆದರೆ ಬೃಹತ್ತಾದ ಚಕ್ರಗಳ ನಿರ್ಮಾಣದಲ್ಲೂ ಅವರು ಕೆಲಸ ಮಾಡಿದರು. ಆಸ್ಟ್ರಿಯಾದ ವಿಯೆನ್ನಾದಲ್ಲಿ 1897ರಲ್ಲಿ ನಿಂತ ಸುಮಾರು 65 ಮೀಟರ್ ಎತ್ತರದ ಚಕ್ರ ಅವುಗಳಲ್ಲಿ ಒಂದು. ಅದು ಇಂದಿಗೂ ತಿರುಗುತ್ತಿದೆ.

ಊದುವುದೋ, ಎಳೆಯುವುದೋ?

1901ರಲ್ಲಿ ಲಂಡನ್ನಿನ ಸಭಾಂಗಣವೊಂದರಲ್ಲಿ ಹೊಸ ಯಂತ್ರದ ಪ್ರದರ್ಶನ ನಡೆಯಿತು. ಅದು ಒತ್ತಡದ ಗಾಳಿಯನ್ನು ಊದಿ ದೂಳನ್ನು ಎಬ್ಬಿಸುತ್ತಿತ್ತು. ಎದ್ದ ದೂಳಿನಲ್ಲಿ ಬಹುಪಾಲು ಮತ್ತೆ ಅಲ್ಲೇ ಬೀಳುತ್ತಿತ್ತು. ಇದನ್ನು ನೋಡಿದ ಬೂತ್, ಊದುವ ಬದಲು ಎಳೆದುಕೊಳ್ಳಬಾರದೇಕೆ ಎಂದು ವಿಚಾರಿಸಿದರು. ಅದು ಆಗದ ಕೆಲಸ ಎಂಬ ಉತ್ತರ ಬಂತು. ಬೂತ್ ಒಪ್ಪಲಿಲ್ಲ.

ಕೆಲವು ದಿನಗಳ ನಂತರ ಹೋಟೆಲೊಂದರಲ್ಲಿ ಕುಳಿತಿದ್ದಾಗ ಅವರು ಮೆತ್ತನೆಯ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಅದಕ್ಕೆ ಬಾಯಿಯಿಟ್ಟು ಜೋರಾಗಿ ಗಾಳಿ ಎಳೆದರು. ಕೆಮ್ಮು ಬಂತು! ಆದರೆ ಬಟ್ಟೆಯನ್ನು ತಿರುಗಿಸಿ ನೋಡಿದಾಗ ಕುರ್ಚಿಗೆ ತಾಗಿದ್ದ ಬದಿಯಲ್ಲಿ ದೂಳಿನ ಕಪ್ಪು ಗುರುತು ಮೂಡಿತ್ತು. ಗಾಳಿ ಬಟ್ಟೆಯನ್ನು ದಾಟಿತ್ತು, ದೂಳಿನ ಬಹುಭಾಗ ದಾಟಿರಲಿಲ್ಲ. ಬೂತ್ ಅವರಿಗೆ ಬೇಕಿದ್ದುದು ಇದೇ: ಗಾಳಿಯನ್ನು ಎಳೆಯಬೇಕು, ಬಟ್ಟೆ ದೂಳನ್ನು ತಡೆಯಬೇಕು. (ಈ ಪ್ರಯೋಗವನ್ನು ನೀವು ಮಾಡಬೇಡಿ. ದೂಳು ಶ್ವಾಸಕೋಶಕ್ಕೆ ಹೋಗುತ್ತದೆ.)

ಇದರ ಹಿಂದಿನ ವಿಜ್ಞಾನ

ಕೊಳವೆಯಿಂದ ಎಳನೀರು ಕುಡಿಯುವಾಗ ಏನಾಗುತ್ತದೆ? ನೀವು ಬಾಯಿಯಿಂದ ಎಳೆದಾಗ ಕೊಳವೆಯೊಳಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ವಾತಾವರಣ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ತೂಕದಷ್ಟು ಒತ್ತುತ್ತಲೇ ಇರುತ್ತದೆ. ಅದು ಎಳನೀರನ್ನು ಮೇಲಕ್ಕೆ ತಳ್ಳುತ್ತದೆ. ವ್ಯಾಕ್ಯೂಮ್ ಕ್ಲೀನರ್‌ನಲ್ಲಿಯೂ ಇದೇ ನಡೆಯುವುದು. ಯಂತ್ರ ಒಳಗಿನ ಒತ್ತಡವನ್ನು ತಗ್ಗಿಸುತ್ತದೆ, ಹೊರಗಿನ ಗಾಳಿ ರಭಸದಿಂದ ಒಳನುಗ್ಗುವಾಗ ದೂಳನ್ನೂ ಹೊತ್ತೊಯ್ಯುತ್ತದೆ. ವ್ಯಾಕ್ಯೂಮ್ ಎಂದರೆ ನಿರ್ವಾತ. ಆದರೆ ಈ ಯಂತ್ರದೊಳಗೆ ಪೂರ್ಣ ನಿರ್ವಾತ ಇರುವುದಿಲ್ಲ, ಒತ್ತಡ ಸ್ವಲ್ಪ ತಗ್ಗಿರುತ್ತದೆ ಅಷ್ಟೆ.

ಕುದುರೆ ಎಳೆದ ಯಂತ್ರ

1901ರಲ್ಲಿಯೇ ಬೂತ್ ತಮ್ಮ ಯಂತ್ರಕ್ಕೆ ಪೇಟೆಂಟ್ ಪಡೆದರು. ಕಂಪನಿಯನ್ನೂ ಸ್ಥಾಪಿಸಿದರು. ಆ ಯಂತ್ರ ಮನೆಯೊಳಗೆ ಹಿಡಿಸುವಂಥದ್ದಲ್ಲ! ಪೆಟ್ರೋಲ್ ಎಂಜಿನ್ ಮತ್ತು ಪಂಪ್ ಹೊತ್ತ ಕೆಂಪು ಬಣ್ಣದ ಗಾಡಿಯನ್ನು ಕುದುರೆಗಳು ಎಳೆದು ತಂದು ಬೀದಿಯಲ್ಲಿ ನಿಲ್ಲಿಸುತ್ತಿದ್ದವು. ಉದ್ದನೆಯ ಕೊಳವೆಗಳನ್ನು ಕಿಟಕಿಯ ಮೂಲಕ ಒಳಗೆ ಬಿಟ್ಟು ಕೆಲಸಗಾರರು ಸ್ವಚ್ಛ ಮಾಡುತ್ತಿದ್ದರು. ಕೊಳವೆಯ ಒಂದು ಭಾಗ ಪಾರದರ್ಶಕವಾಗಿತ್ತು. ತಮ್ಮ ಮನೆಯ ದೂಳು ಹೊರಹೋಗುವುದನ್ನು ನೋಡಲು ಶ್ರೀಮಂತರು ಅತಿಥಿಗಳನ್ನು ಚಹಾಕ್ಕೆ ಕರೆಯುತ್ತಿದ್ದರಂತೆ. ಯಂತ್ರದ ಸದ್ದಿಗೆ ಬೀದಿಯ ಕುದುರೆಗಳು ಬೆದರಿದ್ದರಿಂದ ನ್ಯಾಯಾಲಯದ ವ್ಯಾಜ್ಯವೂ ಬಂತು. ತೀರ್ಪು ಬೂತ್ ಅವರ ಪರವಾಗಿತ್ತು.

1902ರಲ್ಲಿ ದೊರೆ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳನ್ನು ಇದೇ ಯಂತ್ರ ಸ್ವಚ್ಛಗೊಳಿಸಿತು. ನಂತರ ಅರಮನೆಯಿಂದಲೂ ಬೇಡಿಕೆ ಬಂತು.

ಮೊದಲ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಡದಲ್ಲಿ ನೌಕಾಪಡೆಯವರು ತಂಗಿದ್ದರು. ಅವರಲ್ಲಿ ತೀವ್ರ ಜ್ವರ ಹರಡಿತು. ಬೂತ್ ಅವರ 15 ಯಂತ್ರಗಳು ಅಲ್ಲಿಂದ 26 ಟನ್ ದೂಳನ್ನು ಹೊರತೆಗೆದವು. ಜ್ವರವೂ ನಿಂತಿತು. ಆ ಜ್ವರ ಕೆಮ್ಮು, ಸೀನು ಮತ್ತು ನಿಕಟ ಸಂಪರ್ಕದಿಂದ ಒಬ್ಬರಿಂದ ಒಬ್ಬರಿಗೆ ಹರಡುವಂಥದ್ದು ಎಂದು ಈಗ ನಮಗೆ ತಿಳಿದಿದೆ. ಹಾಗಾಗಿ ದೂಳು ತೆಗೆದುದೇ ಕಾರಣ ಎನ್ನುವಂತಿಲ್ಲ. ಒಂದರ ನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ಆದರೆ ಒಂದೇ ಕಟ್ಟಡದಲ್ಲಿ ಅಷ್ಟು ದೂಳು ಅಡಗಿತ್ತು ಎಂಬುದು ಯೋಚಿಸಬೇಕಾದ ಸಂಗತಿ.

ಮನೆಯೊಳಗೆ ಬಂದದ್ದು

ಬೂತ್ ಅವರ ಯಂತ್ರ ಬಾಡಿಗೆಗೆ ಬರುತ್ತಿತ್ತು, ಸಾಮಾನ್ಯರಿಗೆ ಎಟುಕುತ್ತಿರಲಿಲ್ಲ. ಅದನ್ನು ಕೈಗೆಟುಕುವಂತೆ ಚಿಕ್ಕದು ಮಾಡಿದವರಲ್ಲಿ ಪ್ರಮುಖರು ಅಮೆರಿಕದ ಒಹಾಯೋ ರಾಜ್ಯದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅಂಗಡಿಯೊಂದರ ಕಸ ಗುಡಿಸುತ್ತಿದ್ದ ಅವರಿಗೆ ಉಬ್ಬಸವಿತ್ತು. ಪ್ರತಿದಿನದ ದೂಳು ಅವರ ಉಸಿರನ್ನೇ ಕಟ್ಟಿಸುತ್ತಿತ್ತು. 1907ರಲ್ಲಿ ಅವರು ಫ್ಯಾನಿನ ಮೋಟಾರು, ಪೊರಕೆಯ ಹಿಡಿ ಮತ್ತು ದಿಂಬಿನ ಚೀಲ ಸೇರಿಸಿ ಯಂತ್ರ ರಚಿಸಿದರು. 1908ರಲ್ಲಿ ಪೇಟೆಂಟ್ ದೊರೆಯಿತು. ಅದರ ಹಕ್ಕನ್ನು ಕೊಂಡ ಹೂವರ್ ಅವರ ಹೆಸರೇ ಇಂಗ್ಲೆಂಡಿನಲ್ಲಿ ಈ ಯಂತ್ರಕ್ಕೆ ಮನೆಮಾತಾಯಿತು. ಬೂತ್ ಅವರ ಕಂಪನಿಯೂ ಗೋಬ್ಲಿನ್ ಹೆಸರಿನಲ್ಲಿ ಮನೆಬಳಕೆಯ ಯಂತ್ರಗಳನ್ನು ತಂದಿತು. ಬೂತ್ 1955ರ ಜನವರಿ 14ರಂದು ತಮ್ಮ 83ನೇ ವಯಸ್ಸಿನಲ್ಲಿ ನಿಧನರಾದರು.

ಕೊಳ್ಳುವಾಗ, ಬಳಸುವಾಗ

ನಿಮ್ಮ ಮನೆಗೆ ಈ ಯಂತ್ರ ತರುವ ಮಾತು ಬಂದರೆ ಬೂತ್ ಅವರ ಕರವಸ್ತ್ರವನ್ನು ನೆನಪಿಸಿಕೊಳ್ಳಿ. ಹಿಡಿದಿಡುವ ಶೋಧಕವೇ ಮುಖ್ಯ.

1. ಸಿಮೆಂಟ್ ಅಥವಾ ಕಲ್ಲಿನ ನೆಲಕ್ಕೆ ಪೊರಕೆ, ಒದ್ದೆಬಟ್ಟೆ ಸಾಕು. ಹಾಸಿಗೆ, ಜಮಖಾನೆ, ಮೆತ್ತೆ ಕುರ್ಚಿಗಳಿದ್ದರೆ ಯಂತ್ರ ಉಪಯುಕ್ತ.
2. ವಾಟ್ ಸಂಖ್ಯೆ ಯಂತ್ರ ಬಳಸುವ ವಿದ್ಯುತ್ತನ್ನು ತಿಳಿಸುತ್ತದೆ, ದೂಳು ಎಳೆಯುವ ಬಲವನ್ನಲ್ಲ.
3. ಉಬ್ಬಸ, ಅಲರ್ಜಿ ಇರುವವರ ಮನೆಗೆ ಹೆಪಾ ಶೋಧಕ ಒಳ್ಳೆಯದು. ಅದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ. 99.97ರಷ್ಟನ್ನು ತಡೆಯುವಂಥದ್ದು. ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್.
4. ಚೀಲ ತುಂಬಿದರೆ ಗಾಳಿಯ ಹರಿವು ತಗ್ಗುತ್ತದೆ. ಆಗಾಗ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಖಾಲಿ ಮಾಡಬೇಕು.
5. ಒಣ ದೂಳಿನ ಯಂತ್ರದಿಂದ ನೀರನ್ನಾಗಲಿ, ಬಿಸಿ ಬೂದಿಯನ್ನಾಗಲಿ ಎಳೆಯಬಾರದು.
6. ಯಂತ್ರ ತೆರೆಯುವ ಮುನ್ನ ಪ್ಲಗ್ ಕಿತ್ತಿರಬೇಕು. ಇದು ದೊಡ್ಡವರ ಕೆಲಸ.

ಮಾಡಿ ನೋಡಿ

ಎರಡು ಗಾಜಿನ ಪಟ್ಟಿಗಳಿಗೆ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ. ಮೊದಲ ದಿನ ನೆಲವನ್ನು ಒಣದಾಗಿಯೇ ಗುಡಿಸುವಾಗ ಒಂದು ಪಟ್ಟಿಯನ್ನು ಬೆಂಚಿನ ಮೇಲೆ ಅರ್ಧ ಗಂಟೆ ಇಡಿ. ಮರುದಿನ ನೀರು ಚಿಮುಕಿಸಿ ಗುಡಿಸುವಾಗ ಇನ್ನೊಂದನ್ನು ಅದೇ ಜಾಗದಲ್ಲಿ, ಅಷ್ಟೇ ಹೊತ್ತು ಇಡಿ. ಎರಡನ್ನೂ ಭೂತಗನ್ನಡಿಯಿಂದ ನೋಡಿ ಕಣಗಳನ್ನು ಎಣಿಸಿ. ಯಾವುದರಲ್ಲಿ ದೂಳು ಕಡಿಮೆ? ಏಕೆ? ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ, ನಾಳೆಯಿಂದ ತರಗತಿಯನ್ನು ಹೇಗೆ ಗುಡಿಸಬೇಕೆಂದು ನೀವೇ ತೀರ್ಮಾನಿಸಿ.