ಪಾದರಸದ ಹನಿಯಂತಹ ಆಟ: ಮೇಜರ್ ಧ್ಯಾನ್ ಚಂದ್

ಚುರುಕಾದ ಹುಡುಗನನ್ನು ಕಂಡರೆ ಪಾದರಸದಂತಿದ್ದಾನೆ ಎನ್ನುವುದು ನಮ್ಮಲ್ಲಿ ರೂಢಿ. ಹಾಕಿ ಆಟಗಾರ ಧ್ಯಾನ್ ಚಂದ್ ಅವರಿಗೂ ಈ ಹೋಲಿಕೆ ಸಲ್ಲುತ್ತದೆ. ಆದರೆ ಅದಕ್ಕೆ ವೇಗವೊಂದೇ ಕಾರಣವಲ್ಲ.

ಪಾದರಸದ ಪರಮಾಣು ಸಂಖ್ಯೆ 80 ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಲೋಹವಾದರೂ ಕೋಣೆಯ ಉಷ್ಣಾಂಶದಲ್ಲಿ ಅದು ದ್ರವ. ನೆಲಕ್ಕೆ ಚೆಲ್ಲಿದರೆ ಹನಿಹನಿಯಾಗಿ ಉರುಳುತ್ತದೆ. ಎರಡು ಹನಿಗಳು ತಾಗಿದೊಡನೆ ಒಂದಾಗಿಬಿಡುತ್ತವೆ. (ವಿಷವಸ್ತುವಾದ್ದರಿಂದ ಯಾರೂ ಕೈಯಿಂದ ಮುಟ್ಟಿ ನೋಡಬಾರದು!) ಧ್ಯಾನ್ ಚಂದರ ಆಟದ ಗುಟ್ಟು ಈ ಒಂದಾಗುವ ಗುಣದಲ್ಲಿತ್ತು. ಚೆಂಡನ್ನು ತಾವೇ ಇಟ್ಟುಕೊಳ್ಳದೆ, ಜೊತೆಗಾರನು ಇನ್ನೂ ತಲುಪಬೇಕಾದ ಜಾಗಕ್ಕೆ ಮೊದಲೇ ಕಳಿಸುತ್ತಿದ್ದರು. ಅವರ ಕೋಲಿನಲ್ಲಿ ಅಯಸ್ಕಾಂತವಿದೆಯೆಂಬ ಅನುಮಾನದಿಂದ ಅದನ್ನು ಮುರಿದು ನೋಡಿದರೆಂಬ ಕಥೆಯೂ ಉಂಟು. ಕಬ್ಬಿಣವೇ ಇಲ್ಲದ ಚೆಂಡನ್ನು ಅಯಸ್ಕಾಂತ ಹೇಗೆ ಎಳೆದೀತು!

1905ರ ಆಗಸ್ಟ್ 29ರಂದು ಅಲಹಾಬಾದಿನಲ್ಲಿ ಹುಟ್ಟಿದ ಅವರು 1922ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೈನ್ಯ ಸೇರಿದರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ 14 ಗೋಲು ಹೊಡೆದರು. 1932ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತಮ್ಮ ರೂಪ್ ಸಿಂಗ್ ಜೊತೆ ಆಡಿದರು. ಎರಡೂ ಸಲ ಭಾರತಕ್ಕೆ ಚಿನ್ನ ದೊರೆಯಿತು.

ನಿಜವಾದ ಪರೀಕ್ಷೆ ಎದುರಾದದ್ದು 1936ರಲ್ಲಿ, ಬರ್ಲಿನ್ನಿನಲ್ಲಿ. ಆಗ ಅವರೇ ನಾಯಕರು. ಒಲಿಂಪಿಕ್ಸ್‌ಗೆ ಮುನ್ನ ನಡೆದ ಅಭ್ಯಾಸ ಪಂದ್ಯದಲ್ಲಿ ಜರ್ಮನಿ ಭಾರತವನ್ನು 4–1ರಿಂದ ಸೋಲಿಸಿತು. ತಂಡದಲ್ಲಿ ಕಳವಳ ಹಬ್ಬಿತು. ಮುನ್ಪಡೆಗೆ ಬಲ ಬೇಕೆಂದು ಭಾರತದಿಂದ ಅಲಿ ದಾರಾ ಅವರನ್ನು ಕರೆಸಲಾಯಿತು. ಅವರು ವಿಮಾನದಲ್ಲಿ ಬಂದು ಸೆಮಿಫೈನಲ್ ಹೊತ್ತಿಗೆ ತಂಡ ಸೇರಿಕೊಂಡರು. ಮಳೆಯಿಂದಾಗಿ ಒಂದು ದಿನ ಮುಂದೂಡಲ್ಪಟ್ಟ ಫೈನಲ್ ಆಗಸ್ಟ್ 15ರಂದು ನಡೆಯಿತು. ಎದುರಾಳಿ ಮತ್ತೆ ಅದೇ ಜರ್ಮನಿ. ಶಹಾಬುದ್ದೀನ್, ದಾರಾ, ಧ್ಯಾನ್ ಚಂದ್, ರೂಪ್ ಸಿಂಗ್, ಜಾಫರ್ ಮುನ್ಪಡೆಯಲ್ಲಿದ್ದರು. ಒದ್ದೆ ನೆಲದಲ್ಲಿ ಆಟ ಸಾಗದೆ ವಿರಾಮದ ವೇಳೆಗೆ ಭಾರತ ಒಂದೇ ಗೋಲು ಗಳಿಸಿತ್ತು. ಆಮೇಲೆ ಧ್ಯಾನ್ ಚಂದ್ ಮೊಳೆಯ ಬೂಟು ಕಳಚಿಟ್ಟು ಆಡಿದರು. ಐದು ಹನಿಗಳು ಕೂಡಿಕೊಂಡವು. ಪಂದ್ಯ ಮುಗಿದಾಗ ಭಾರತ 8, ಜರ್ಮನಿ 1. ಆ ಇಡೀ ಕೂಟದಲ್ಲಿ ಭಾರತ ಬಿಟ್ಟುಕೊಟ್ಟ ಗೋಲು ಅದೊಂದೇ.

1956ರಲ್ಲಿ ಮೇಜರ್ ಆಗಿ ನಿವೃತ್ತರಾದರು. ಅದೇ ವರ್ಷ ಪದ್ಮಭೂಷಣ ಬಂತು. ಆದರೆ ಝಾನ್ಸಿಯಲ್ಲಿ ಕಳೆದ ಕೊನೆಯ ವರ್ಷಗಳು ಕಷ್ಟದವು. ಮೂರು ಚಿನ್ನ ತಂದವರನ್ನು ದೇಶ ಇನ್ನೂ ಚೆನ್ನಾಗಿ ನೋಡಿಕೊಳ್ಳಬಹುದಿತ್ತು. 1975ರ ವಿಶ್ವಕಪ್ ಫೈನಲ್‌ನಲ್ಲಿ ಮಗ ಅಶೋಕ್ ಕುಮಾರ್ ಗೆಲುವಿನ ಗೋಲು ಹೊಡೆದದ್ದನ್ನು ತಿಳಿಯುವ ಭಾಗ್ಯವಂತೂ ಅವರಿಗಿತ್ತು. 1979ರ ಡಿಸೆಂಬರ್ 3ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಝಾನ್ಸಿಯಲ್ಲಿ, ಹಾಕಿ ಮೈದಾನದಲ್ಲೇ.