ದೊಡ್ಡ ಸ್ವಾಮಿಯವರೂ ಆದಿ ಕ್ರೈಸ್ತರೂ

ಯೇಸುಸ್ವಾಮಿ ಯಾರು ಎಂಬ ಪ್ರಶ್ನೆಗೆ ಇಂದು ನಮ್ಮ ಜ್ಞಾನೋಪದೇಶದ ತರಗತಿಯ ಪುಟ್ಟ ಮಗುವೂ ತಡವರಿಸದೆ ಉತ್ತರ ಹೇಳುತ್ತದೆ. ಆದಿ ಧರ್ಮಸಭೆಗೆ ಆ ಉತ್ತರ ಅಷ್ಟು ಸುಲಭವಾಗಿ ದೊರೆಯಲಿಲ್ಲ. ಸಂತ ಪೌಲರು ಥೆಸಲೋನಿಕದ ವಿಶ್ವಾಸಿಗಳಿಗೆ ಮೊದಲ ಪತ್ರ ಬರೆದುದು ಕ್ರಿ.ಶ. 50ರ ಸುಮಾರಿಗೆ, ಸಂತ ಮಾರ್ಕರ ಶುಭಸಂದೇಶ ರೂಪುಗೊಂಡುದು 70ರ ಆಸುಪಾಸಿನಲ್ಲಿ ಎಂಬುದು ಬೈಬಲ್ ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಅಂದರೆ ಸುಮಾರು 40 ವರ್ಷಗಳ ಕಾಲ ನಾವಿಂದು ಓದುವ ಶುಭಸಂದೇಶ ಗ್ರಂಥಗಳು ಆ ಜನರ ಕೈಯಲ್ಲಿರಲಿಲ್ಲ. ಪ್ರೇಷಿತರ ಬಾಯಿಮಾತು, ರೊಟ್ಟಿ ಮುರಿಯುವ ಕೂಟ, ವಿಧವೆಯರ ಮತ್ತು ಬಡವರ ಆರೈಕೆ ಇವುಗಳ ನಡುವೆಯೇ ಅವರು ತಮ್ಮ ಪ್ರಭುವನ್ನು ಗುರುತಿಸಿದರು. ಪುತ್ರನು ಪಿತನೊಡನೆ ಏಕಸತ್ವನು ಎಂದು ನೈಸಿಯಾ ಮಹಾಸಭೆ ನಿರ್ಣಯಿಸಿದುದು 325ರಲ್ಲಿ. ಬದುಕಿನಲ್ಲಿ ಮೊದಲು ಕಂಡುದಕ್ಕೆ ಬಹುಕಾಲದ ಮೇಲೆ ಮಾತು ಒದಗಿತು.

ನಮ್ಮ ಕನ್ನಡ ನಾಡಿನ ಕ್ರೈಸ್ತರು ಯೇಸುವನ್ನು ಹೇಗೆ ಅರಿಯಬಲ್ಲರು ಎಂಬ ಪ್ರಶ್ನೆಯನ್ನು ಎರಡು ನೂರು ವರ್ಷಗಳ ಹಿಂದೆ ಒಬ್ಬ ಗುರುಗಳು ಎತ್ತಿದರು. ಉತ್ತರವಾಗಿ ನಿರಾಶೆಯನ್ನೇ ಬರೆದಿಟ್ಟು ಹೋದರು. ಅವರೇ ಅಬ್ಬೆ ದುಬುವಾ. ಹಳೆಯ ಮೈಸೂರು ಸೀಮೆಯ ಜನ ಅವರನ್ನು ಪ್ರೀತಿಯಿಂದ ಕರೆದುದು ದೊಡ್ಡ ಸ್ವಾಮಿಯವರು ಎಂದು.

ಝಾನ್ ಆಂತ್ವಾನ್ ದುಬುವಾ ಜನಿಸಿದುದು 1766ರಲ್ಲಿ, ಫ್ರಾನ್ಸಿನ ದಕ್ಷಿಣ ಭಾಗದ ಸೇಂತ್ ರೆಮೇಜ್ ಎಂಬ ಹಳ್ಳಿಯಲ್ಲಿ. ಫ್ರಾನ್ಸಿನಲ್ಲಿ ಮಹಾಕ್ರಾಂತಿ ಭುಗಿಲೆದ್ದಿದ್ದ 1792ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಅದೇ ವರ್ಷ ಪ್ಯಾರಿಸ್ ವಿದೇಶೀ ಧರ್ಮಪ್ರಚಾರ ಸಂಸ್ಥೆಯ ಪರವಾಗಿ ಅವರು ಭಾರತಕ್ಕೆ ಹಡಗು ಹತ್ತಿದರು. ಮೊದಲ ಕೆಲವು ವರ್ಷ ತಮಿಳು ನಾಡಿನಲ್ಲಿ ಸೇವೆ ಸಲ್ಲಿಸಿ, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸಂಸ್ಥಾನಕ್ಕೆ ಬಂದರು. ಕಾವಿಯುಡುಗೆ, ತಲೆಗೆ ರುಮಾಲು, ಈ ನಾಡಿನದೇ ಊಟ, ಈ ನಾಡಿನದೇ ನುಡಿ: ಹೀಗೆ ಜನರ ನಡುವೆ ಜನರಂತೆಯೇ ಅವರು ಬಾಳಿದರು.

ಅವರ ಮುಂದಿದ್ದ ಮೊದಲ ಹೊಣೆ ಬಲು ಸೂಕ್ಷ್ಮವಾದುದು. ಟಿಪ್ಪು ಸುಲ್ತಾನರ ಆಳ್ವಿಕೆಯಲ್ಲಿ ಬಲವಂತಕ್ಕೊಳಗಾಗಿ ವಿಶ್ವಾಸವನ್ನು ತೊರೆದಿದ್ದ ಕ್ರೈಸ್ತರನೇಕರು ಹಿಂದಿರುಗಲು ಹಂಬಲಿಸುತ್ತಿದ್ದರು. ಇಂತಹುದೇ ಪ್ರಶ್ನೆ ಆದಿ ಧರ್ಮಸಭೆಯನ್ನೂ ಕಾಡಿತ್ತು. 250ರಲ್ಲಿ ರೋಮ್ ಚಕ್ರವರ್ತಿ ಡೆಸಿಯಸ್ ನಡೆಸಿದ ಹಿಂಸೆಗೆ ಅಂಜಿ ವಿಗ್ರಹಗಳಿಗೆ ಬಲಿ ಅರ್ಪಿಸಿದವರನ್ನು ಮತ್ತೆ ಸೇರಿಸಿಕೊಳ್ಳಬಹುದೇ ಎಂದು ಮೇತ್ರಾಣಿಗಳು ಚರ್ಚಿಸಿದರು. ಕಾರ್ಥೇಜಿನ ಸಂತ ಸಿಪ್ರಿಯಾನರು ಪ್ರಾಯಶ್ಚಿತ್ತದ ಬಳಿಕ ಬಾಗಿಲು ತೆರೆದಿರಲೆಂಬ ನಿಲುವಿಗೆ ಬಂದರು. ದೊಡ್ಡ ಸ್ವಾಮಿಯವರು ನಡೆದುದೂ ಅದೇ ದಾರಿಯಲ್ಲಿ. ಚದುರಿಹೋಗಿದ್ದವರನ್ನು ಅವರು ಮತ್ತೆ ಬಲಿಪೀಠದ ಸುತ್ತ ಕೂಡಿಸಿದರು.

ಆದರೆ ಹೊಲಮನೆಗಳಿಲ್ಲದವನಿಗೆ ಪ್ರಾರ್ಥನೆಯೊಂದೇ ಸಾಲದಷ್ಟೆ. ಹಾಸನದ ಬಳಿಯ ಸಾತಳ್ಳಿಯಲ್ಲಿ ಅವರು ಕ್ರೈಸ್ತ ಕುಟುಂಬಗಳಿಗಾಗಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಸಿಡುಬು ಊರೂರನ್ನೇ ನುಂಗುತ್ತಿದ್ದ ಕಾಲವದು. ಜೆನ್ನರ್ ಕಂಡುಹಿಡಿದ ಗೋಸಿಡುಬಿನ ಲಸಿಕೆ ಭಾರತವನ್ನು ತಲುಪಿದುದು 1802ರಲ್ಲಿ. ಜನರ ಅಂಜಿಕೆಯನ್ನು ಬಿಡಿಸುತ್ತ 1803-04ರ ಅವಧಿಯಲ್ಲಿ ದೊಡ್ಡ ಸ್ವಾಮಿಯವರು ನಡೆಸಿದ ಕಾರ್ಯದಿಂದ ಲಸಿಕೆ ಪಡೆದವರ ಸಂಖ್ಯೆ 25,432 ಎಂದು ದಾಖಲಾಗಿದೆ. ಶ್ರೀರಂಗಪಟ್ಟಣದ ಗಂಜಾಮಿನ ದೇವಾಲಯ ಇಂದಿಗೂ ಅವರ ಹೆಸರನ್ನು ನೆನಪಿಸುತ್ತದೆ. ಯಲಹಂಕ, ಹೆಬ್ಬಾಳಗಳಿಂದ ಪ್ರತಿವರ್ಷ ಸೆಪ್ಟೆಂಬರ್ 8ರಂದು ಶಿವಾಜಿನಗರದ ಮಾತೆಯ ಹಬ್ಬಕ್ಕೆ ಹೋಗುವ ನಮ್ಮ ಕುಟುಂಬಗಳಿಗೆ ಇನ್ನೊಂದು ಸಂಗತಿ ತಿಳಿದಿರಲಿ. ಆ ಸ್ಥಳದಲ್ಲಿ ಹುಲ್ಲು ಹೊದಿಸಿದ ಗುಡಿಸಲಿನಲ್ಲಿ ಮೊದಲು ಬಲಿಪೂಜೆ ಅರ್ಪಿಸಿದವರು ಇದೇ ಗುರುಗಳು ಎಂಬುದು ಪರಂಪರೆಯ ಮಾತು.

ಲೋಕದಲ್ಲಿ ಅವರಿಗೆ ಹೆಸರು ತಂದುದು ಮಾತ್ರ ಈ ಕೆಲಸಗಳಲ್ಲ, ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ದೊಡ್ಡ ಗ್ರಂಥ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹಗಳಿಗೆ ಕೊಂಡಿತು. ಇಂಗ್ಲಿಷ್ ಆವೃತ್ತಿ 1816ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಬಹುಭಾಗ ಅವರಿಗಿಂತ ಮುಂಚಿನ ಯೇಸುಸಭೆಯ ಗುರು ಕೂರ್ದು ಅವರ ಬರಹವನ್ನು ಆಧರಿಸಿದೆಯೆಂದು 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್ ತೋರಿಸಿಕೊಟ್ಟರು. ಸತ್ಯವನ್ನು ಮರೆಮಾಚಿ ಹಿರಿಯರನ್ನು ಗೌರವಿಸುವ ಅಗತ್ಯ ನಮಗಿಲ್ಲ.

ನಮ್ಮನ್ನು ಹೆಚ್ಚು ಕಾಡುವ ಕೃತಿ ಬೇರೆ. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು ಅವರು ಬರೆದ ಪತ್ರಗಳು 1823ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ಬೈಬಲನ್ನು ದೇಶಭಾಷೆಗಳಿಗೆ ಅವಸರದಲ್ಲಿ ಅನುವಾದಿಸಿ ಹಂಚುವುದನ್ನು ಅವರು ಅಲ್ಲಿ ವಿರೋಧಿಸಿದರು. ತಪ್ಪಿಹೋದ ಮಗನ ಸಾಮತಿಯಲ್ಲಿ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿದನೆಂಬುದನ್ನು ಓದಿದ ಮೇಲ್ಜಾತಿಯವನು ಪುಸ್ತಕವನ್ನು ಅಲ್ಲಿಯೇ ಮುಚ್ಚಿಡುವನೆಂಬುದು ಅವರ ಆಕ್ಷೇಪಗಳಲ್ಲೊಂದು. ಈ ಜನ ಕ್ರಿಸ್ತನನ್ನು ಸ್ವೀಕರಿಸುವ ಕಾಲ ಮುಗಿದುಹೋಯಿತೆಂದು ಅವರು ತೀರ್ಮಾನಿಸಿದರು. ತಮ್ಮ ದೀರ್ಘ ಸೇವೆಯಲ್ಲಿ ಹೊಸದಾಗಿ ವಿಶ್ವಾಸಕ್ಕೆ ಬಂದವರು 200-300 ಮಂದಿಯಷ್ಟೇ, ಅವರಲ್ಲೂ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರೆನಿಸಿಕೊಂಡವರು ಹಾಗೂ ಭಿಕ್ಷುಕರು ಎಂದು ನೋವಿನಿಂದ ಲೆಕ್ಕ ಒಪ್ಪಿಸಿದರು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಒಂದು ಲೆಕ್ಕ ಸರಿಯಿದ್ದ ಮಾತ್ರಕ್ಕೆ ಅದರಿಂದ ತೆಗೆದ ನಿರ್ಣಯವೂ ಸರಿಯಿರಬೇಕಾಗಿಲ್ಲ ಎಂಬುದು ತರ್ಕಶಾಸ್ತ್ರದ ಮೊದಲ ಪಾಠ. ದೊಡ್ಡ ಸ್ವಾಮಿಯವರು ಸೋಲಿನ ಗುರುತೆಂದು ಬಗೆದುದು ಯಾವುದನ್ನು? ತಮ್ಮ ಬಳಿಗೆ ಬಂದವರು ಕಡೆಗಣಿಸಲ್ಪಟ್ಟವರೆಂಬುದನ್ನು. ಕೊರಿಂಥದ ಸಭೆಗೆ ಬರೆಯುವಾಗ ಸಂತ ಪೌಲರ ಮುಂದಿದ್ದುದೂ ಅದೇ ಲೆಕ್ಕ: ಅಲ್ಲಿದ್ದವರಲ್ಲಿ ಪಂಡಿತರು, ಕುಲೀನರು ವಿರಳ. ಪೌಲರು ಅದನ್ನು ಕುಂದೆಂದು ಕಾಣದೆ ದೇವರ ಆಯ್ಕೆಯೆಂದು ಕಂಡರು. ದಾಸನ ರೂಪ ಧರಿಸಿ ಶಿಲುಬೆಯ ಮರಣದವರೆಗೆ ತನ್ನನ್ನೇ ತಗ್ಗಿಸಿಕೊಂಡ ಪ್ರಭುವನ್ನು ಮೊದಲು ಗುರುತಿಸಿದವರು ಇಂಥವರೇ. ಜಾತಿಯ ಕಟ್ಟನ್ನು ಸಮಾಜದ ಆಧಾರವೆಂದು ನಂಬಿದ್ದ ದೊಡ್ಡ ಸ್ವಾಮಿಯವರ ಕಣ್ಣಿಗೆ ತಮ್ಮ ಮಂದೆಯಲ್ಲಿಯೇ ನಡೆಯುತ್ತಿದ್ದ ಆ ಗುರುತಿಸುವಿಕೆ ಕಾಣದೆ ಹೋಯಿತು.

ಆದರೆ ಆ ಜನರಿಗೆ ಅದು ಕಂಡಿತ್ತು ಎಂದು ನಾವು ನಂಬುತ್ತೇವೆ. ಸಾತಳ್ಳಿಯ ಒಕ್ಕಲು ಕ್ರೈಸ್ತಶಾಸ್ತ್ರದ ಗ್ರಂಥವನ್ನು ಓದಿರಲಾರದು. ತನ್ನನ್ನು ಹೀಗಳೆಯದೆ ಒಳಗೆ ಕರೆದುಕೊಂಡ, ನೆಲ ತೋರಿದ, ಮಗುವಿನ ತೋಳಿಗೆ ಲಸಿಕೆ ಹಾಕಿಸಿದ ಗುರುವನ್ನು ಅದು ಬಲ್ಲದು. ಅಂಥ ಗುರು ಯಾರ ಹೆಸರಿನಲ್ಲಿ ಬಂದನೋ ಅವನು ಎಂಥವನಿರಬೇಕೆಂಬುದು ಅದಕ್ಕೆ ಅರ್ಥವಾಗಿರಬೇಕು.

1823ರ ಜನವರಿಯಲ್ಲಿ ದೊಡ್ಡ ಸ್ವಾಮಿಯವರು ಭಾರತವನ್ನು ಬಿಟ್ಟರು, ಮತ್ತೆ ಬರಲಿಲ್ಲ. ಪ್ಯಾರಿಸಿನಲ್ಲಿ ತಮ್ಮ ಸಂಸ್ಥೆಯ ಗುರುಮಠದಲ್ಲಿ ನೆಲೆಸಿ, 1836ರಿಂದ 1839ರವರೆಗೆ ಸಂಸ್ಥೆಯ ಮುಖ್ಯಸ್ಥರಾಗಿದ್ದು, 1848ರ ಫೆಬ್ರವರಿಯಲ್ಲಿ ದೈವಾಧೀನರಾದರು. ಅವರು ಭವಿಷ್ಯವಿಲ್ಲವೆಂದ ಸಭೆ ಅಳಿಯಲಿಲ್ಲ. ಅವರದೇ ಸಂಸ್ಥೆಯ ಗುರುಗಳು ಅವರ ಬಳಿಕವೂ ಬಂದು ಬೆಂಗಳೂರು, ಮೈಸೂರು ಸೀಮೆಗಳಲ್ಲಿ ದೇವಾಲಯ, ಶಾಲೆ, ಆಸ್ಪತ್ರೆಗಳನ್ನು ಕಟ್ಟಿದರು. ಕರುವಿನ ಆ ಸಾಮತಿಯನ್ನು ನಾವಿಂದು ಕನ್ನಡದಲ್ಲಿಯೇ ಓದುತ್ತೇವೆ. ಅದರಲ್ಲಿ ನಮ್ಮ ಮನ ಸೆಳೆಯುವುದು ಕರುವಲ್ಲ, ದೂರದಲ್ಲಿಯೇ ಮಗನನ್ನು ಕಂಡು ಓಡಿಬಂದ ತಂದೆ.

ಮಕ್ಕಳಿಗೆ ವಿಶ್ವಾಸಸಂಗ್ರಹವನ್ನು ಬಾಯಿಪಾಠ ಮಾಡಿಸುವ ತಂದೆತಾಯಿಗಳೇ, ಅದನ್ನು ಖಂಡಿತ ಮಾಡಿಸಿರಿ. ನೈಸಿಯಾದ ಪಿತೃಗಳ ಶ್ರಮ ಅದರಲ್ಲಿದೆ. ಜೊತೆಗೆ, ಮನೆಗೆಲಸದವಳನ್ನು ನೀವು ಹೇಗೆ ನಡೆಸಿಕೊಳ್ಳುತ್ತೀರಿ, ತಪ್ಪಿ ನಡೆದು ಮರಳಿದ ತಮ್ಮನಿಗೆ ಯಾವ ಜಾಗ ಕೊಡುತ್ತೀರಿ ಎಂಬುದನ್ನೂ ಮಗು ನೋಡುತ್ತಿರುತ್ತದೆ. ಯೇಸು ಯಾರೆಂಬ ಪಾಠವನ್ನು ಅದು ಮೊದಲು ಕಲಿಯುವುದು ಅಲ್ಲಿಯೇ.