ಕೆಲಸದ ಬಾಗಿಲವರೆಗೂ ಜೊತೆ ನಡೆದ ಸಂತ ಜಾನ್ ಬೋಸ್ಕೊ

ಜನವರಿ 31 ಸಂತ ಜಾನ್ ಬೋಸ್ಕೊರವರ ಹಬ್ಬ. ಡಾನ್ ಬೋಸ್ಕೊ ಎಂದೊಡನೆ ನಮಗೆ ಮಕ್ಕಳ ಆಟ, ಹಾಡು, ಜಾದೂ ನೆನಪಾಗುತ್ತವೆ. ಆದರೆ ಹದಿನಾರು, ಹದಿನೇಳರ ಹುಡುಗರನ್ನು ಕೆಲಸದಲ್ಲಿ, ಕಲಿಕೆಯಲ್ಲಿ ಉಳಿಸಲು ಅವರು ಪಟ್ಟ ಶ್ರಮವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1815ರ ಆಗಸ್ಟ್ 16ರಂದು ಉತ್ತರ ಇಟಲಿಯ ಬೆಕ್ಕಿ ಎಂಬಲ್ಲಿ ಬಡ ರೈತ ಕುಟುಂಬದಲ್ಲಿ ಜನಿಸಿದ ಅವರು ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. ತಾಯಿ ಮಾರ್ಗರಿಟಾ ಮಕ್ಕಳನ್ನು ಸಾಕಿದರು. ಹನ್ನೆರಡರ ಪ್ರಾಯದಲ್ಲಿ ಜಾನ್ ಪರರ ಹೊಲದಲ್ಲಿ ಆಳಾಗಿ ದುಡಿದರು. ಕಿಯೇರಿ ಪಟ್ಟಣದಲ್ಲಿ ಓದುವಾಗ ಖರ್ಚಿಗಾಗಿ ಕಾಫಿ ಅಂಗಡಿಯಲ್ಲಿ ಕೆಲಸ ಮಾಡಿದರು. ದುಡಿಯುತ್ತಾ ಓದುವ ಕಷ್ಟ ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ.

1841ರ ಜೂನ್ 5ರಂದು ಗುರುದೀಕ್ಷೆ ಪಡೆದು ತುರಿನ್ ನಗರಕ್ಕೆ ಬಂದ ಅವರು ಅಲ್ಲಿನ ಸೆರೆಮನೆಗಳಿಗೆ ಭೇಟಿ ನೀಡತೊಡಗಿದರು. ಬಿಡುಗಡೆಯಾದ ಹುಡುಗರು ಮತ್ತೆ ಮತ್ತೆ ಅಲ್ಲಿಗೇ ಮರಳುವುದನ್ನು ಕಂಡರು. ಹೊರಗೆ ಅವರಿಗೆ ತಮ್ಮವರೆಂಬ ಯಾರೂ ಇರಲಿಲ್ಲ. ಅದೇ ವರ್ಷದ ಡಿಸೆಂಬರ್ 8ರಂದು ಗಾರೆ ಕೆಲಸದ ಅನಾಥ ಹುಡುಗನೊಬ್ಬನಿಗೆ ಧರ್ಮೋಪದೇಶ ನೀಡುವುದರೊಂದಿಗೆ ಅವರ ಸೇವೆ ಆರಂಭವಾಯಿತು.

ಅದು ಕಷ್ಟದ ಕಾಲ. 1846-47ರಲ್ಲಿ ಯುರೋಪಿನ ಹಲವೆಡೆ ಬೆಳೆ ಕೈಕೊಟ್ಟು ವ್ಯಾಪಾರ ಕುಸಿಯಿತು. 1848-49ರಲ್ಲಿ ಆಸ್ಟ್ರಿಯಾದೊಡನೆ ಯುದ್ಧ. ಬೆಟ್ಟದ ಹಳ್ಳಿಗಳಿಂದ ಕಟ್ಟಡ ಕೆಲಸಕ್ಕೆ ಬಂದ ಹುಡುಗರು ಬೀದಿಪಾಲಾಗುತ್ತಿದ್ದರು. ಡಾನ್ ಬೋಸ್ಕೊ ಭಾನುವಾರದ ಪೂಜೆ, ಆಟಗಳಿಗೆ ತೃಪ್ತರಾಗಲಿಲ್ಲ. ವಾರದ ದಿನಗಳಲ್ಲಿ ಕೆಲಸದ ಸ್ಥಳಕ್ಕೇ ಹೋಗಿ ಹುಡುಗರನ್ನು ವಿಚಾರಿಸಿದರು, ಕೆಲಸವಿಲ್ಲದವರಿಗೆ ಒಳ್ಳೆಯ ಯಜಮಾನರನ್ನು ಹುಡುಕಿದರು. ರಾತ್ರಿ ಶಾಲೆ ನಡೆಸಿದರು. ರಾಜ್ಯದಲ್ಲಿ ಮೆಟ್ರಿಕ್ ಅಳತೆ ಜಾರಿಗೆ ಬರಲಿದ್ದಾಗ, ಅದನ್ನು ಸರಳವಾಗಿ ಕಲಿಸುವ ಪುಸ್ತಿಕೆಯನ್ನು 1849ರಲ್ಲಿ ತಾವೇ ಬರೆದರು. 1850ರಲ್ಲಿ ಹುಡುಗರದೇ ಪರಸ್ಪರ ಸಹಾಯ ಸಂಘ ಕಟ್ಟಿದರು. ವಾರಕ್ಕೊಂದು ಚಿಕ್ಕ ನಾಣ್ಯ ಕೂಡಿಟ್ಟವನಿಗೆ ಕಾಯಿಲೆ ಬಿದ್ದಾಗ ದಿನಕ್ಕೆ 50 ಚೆಂತೆಸಿಮಿ ಸಿಗುತ್ತಿತ್ತು.

ಎಲ್ಲಕ್ಕಿಂತ ಮುಖ್ಯವಾದುದು ಲಿಖಿತ ಕರಾರು. 1852ರ ಫೆಬ್ರವರಿಯಲ್ಲಿ ಬಡಗಿಯೊಬ್ಬರ ಬಳಿ ಹುಡುಗನೊಬ್ಬನನ್ನು ಕೆಲಸ ಕಲಿಯಲು ಸೇರಿಸುವಾಗ ಮಾಡಿದ ಕರಾರು ಇಂದಿಗೂ ಉಳಿದಿದೆ. ಎರಡು ವರ್ಷದಲ್ಲಿ ಕಸುಬು ಕಲಿಸಬೇಕು, ಕೂಲಿ ಹಂತಹಂತವಾಗಿ ಏರಬೇಕು, ತಪ್ಪಿದರೆ ಮಾತಿನಲ್ಲಿ ತಿದ್ದಬೇಕೇ ಹೊರತು ಹೊಡೆಯಬಾರದು. ಹುಡುಗನ ನಡತೆಗೆ ಡಾನ್ ಬೋಸ್ಕೊ ತಾವೂ ಹೊಣೆಯಾದರು. ಎರಡೂ ಕಡೆಯವರಿಗೆ ಕರ್ತವ್ಯವಿತ್ತು.

ಹೊರಗಿನ ಅಂಗಡಿಗಳಲ್ಲಿ ಹುಡುಗರು ಕೆಡುವ ಅಪಾಯ ಕಂಡು 1853ರಲ್ಲಿ ಚಪ್ಪಲಿ, ಹೊಲಿಗೆ ಕೆಲಸದ ಶಾಲೆಗಳನ್ನು ತಮ್ಮಲ್ಲೇ ತೆರೆದರು. ಮುಂದಿನ ಹತ್ತು ವರ್ಷಗಳೊಳಗೆ ಪುಸ್ತಕ ಕಟ್ಟುವುದು, ಮರಗೆಲಸ, ಮುದ್ರಣ, ಕಮ್ಮಾರಿಕೆ ಸೇರಿದವು. 1888ರ ಜನವರಿ 31ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅವರ ಸಭೆಯವರು 1906ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ಸೇವೆ ಆರಂಭಿಸಿದರು. 1934ರಲ್ಲಿ ಸಂತ ಪದವಿ ದೊರೆಯಿತು. 1958ರಲ್ಲಿ ಹನ್ನೆರಡನೆಯ ಭಕ್ತಿನಾಥರು ಅವರನ್ನು ಇಟಲಿಯ ಕಸುಬು ಕಲಿಯುವ ಯುವಜನರ ಪಾಲಕರೆಂದು ಸಾರಿದರು.

ಕೆಲಸಕ್ಕೆ ಬರ ಬಂದಾಗ ಮೊದಲು ಹೊರಬೀಳುವವರು ಕಲಿಕೆ ಮುಗಿಯದ ಯುವಜನರೇ. ಪಿ.ಯು.ಸಿ. ಬಿಟ್ಟವರು, ಐ.ಟಿ.ಐ. ಅರ್ಧಕ್ಕೆ ನಿಲ್ಲಿಸಿದವರು ನಮ್ಮ ವಾಳೆಯಲ್ಲಿ ಯಾರಿದ್ದಾರೆಂದು ಗುರಿಕಾರರಿಗೆ ತಿಳಿದಿದೆಯೇ? ಶುಲ್ಕ ಕಟ್ಟಲು, ಒಳ್ಳೆಯ ಯಜಮಾನರನ್ನು ಹುಡುಕಲು, ಕೆಲಸದ ಕರಾರನ್ನು ಓದಿ ಹೇಳಲು ಧರ್ಮಕೇಂದ್ರದಲ್ಲಿ ಯಾರಾದರೂ ಮುಂದಾಗಬಹುದೇ? ಈ ಹಬ್ಬದಂದು ನೊವೆನಾದ ಜೊತೆಗೆ ಅಂತಹ ಒಬ್ಬನ ಮನೆಗೆ, ಒಬ್ಬಳ ಮನೆಗೆ ಹೋಗಿ ಬರೋಣ. ಸಂತ ಜಾನ್ ಬೋಸ್ಕೊ ನಮ್ಮ ಯುವಜನರಿಗಾಗಿ ಪ್ರಾರ್ಥಿಸಲಿ.